ಸೀಬೆ ಮರ ಮತ್ತೆ ಕಾಯಿ ಹಿಡಿಯಿತು

ನಮ್ಮ ಹಿತ್ತಲಿನ ಸೀಬೆ ಮರ ಮೂರು ವರ್ಷದಿಂದ ಬರೀ ಎಲೆ ಬಿಡುತ್ತಿತ್ತು; ನಾಲ್ಕಾರು ಕಾಯಿ ಬಿಟ್ಟರೂ ತುತ್ತತುದಿಯಲ್ಲಿ, ಅಳಿಲಿನ ಪಾಲು. ಗೊಬ್ಬರ ಹಾಕಿದಷ್ಟೂ ಸೊಪ್ಪು ಹೆಚ್ಚಿತು. ಸೀಬೆ ಹೂ ಬಿಡುವುದು ಹೊಸ ಚಿಗುರಿನಲ್ಲಿ. ಕೊಂಬೆಗೆ ಕತ್ತರಿ ಹಾಕಲು ಮನಸ್ಸು ಬಾರದೆ ಆ ಚಿಗುರನ್ನೇ ತಡೆದಿದ್ದೆ.

ಈ ಸಲ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲೇ, ಒಣಗಿದ ಮತ್ತು ಒಂದಕ್ಕೊಂದು ಉಜ್ಜುವ ರೆಂಬೆಗಳನ್ನು ತೆಗೆದು ನಡುವೆ ಬಿಸಿಲು ಇಳಿಯುವಂತೆ ಮಾಡಿದೆ. ಉಳಿದವುಗಳ ತುದಿಯನ್ನು ಒಂದು ಗೇಣು ಕತ್ತರಿಸಿದೆ. ದಪ್ಪ ಕೊಂಬೆಗೆ ಮೊದಲು ಅಡಿಯಿಂದ ಸ್ವಲ್ಪ ಗರಗಸ ಹಾಕಿ, ಆಮೇಲೆ ಮೇಲಿನಿಂದ ಕೊಯ್ಯಬೇಕು. ಇಲ್ಲವಾದರೆ ಭಾರಕ್ಕೆ ತೊಗಟೆ ಕಾಂಡದವರೆಗೂ ಸೀಳಿಬಿಡುತ್ತದೆ. ಗಾಯಗಳಿಗೆ ಬೋರ್ಡೊ ಮುಲಾಮು (ಮೈಲುತುತ್ತ, ಸುಣ್ಣ ಕಲಸಿದ ಶಿಲೀಂಧ್ರನಾಶಕ ಲೇಪ) ಹಚ್ಚಿದೆ.

ಕೆಲವೇ ವಾರಗಳಲ್ಲಿ ಚೌಕ ದಂಟಿನ ಎಳೆ ಚಿಗುರು, ಎಲೆಯ ಬುಡದಲ್ಲಿ ಮೊಗ್ಗು! ಡಿಸೆಂಬರಿನಲ್ಲಿ ಏಣಿಯಿಲ್ಲದೆಯೇ ಹಣ್ಣು ಕಿತ್ತೆವು.