ಟಕೊತ್ಸುಬೊನಾ, ಹಾರ್ಟ್ ಅಟ್ಯಾಕಾ? ಕ್ಯಾಥ್‌ಲ್ಯಾಬ್ ಇಲ್ಲದ ಕಡೆ ನನ್ನ ಅನುಭವ

ಕ್ಯಾಥ್‌ಲ್ಯಾಬ್ (ಆಂಜಿಯೋ ಮಾಡುವ ಕೋಣೆ) ಇಲ್ಲದ ಆಸ್ಪತ್ರೆಯಲ್ಲಿ ಕೂತು ಟಕೊತ್ಸುಬೊ (ಹೃದಯ ಸ್ನಾಯುವಿನ ಒಂದು ಭಾಗ ಕೆಲಕಾಲ ಬಡಿಯದೆ ನಿಂತು ಹಾರ್ಟ್ ಅಟ್ಯಾಕಿನಂತೆಯೇ ಕಾಣುವ ಕಾಯಿಲೆ) ಗುರುತಿಸಲು ಸಾಧ್ಯವೇ ಇಲ್ಲ ಅಂದವರೇ ಈಗ ಇಸಿಜಿ ಕಳಿಸಿ "ಇದು ಅದೇನಾ ನೋಡಿ" ಅಂತ ಕೇಳುತ್ತಾರೆ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ. ಆಂಜಿಯೋ ತಪ್ಪಿಸುವ ದಾರಿ ಇದಲ್ಲ. ಆಂಜಿಯೋ ಆಗುವವರೆಗಿನ ಗಂಟೆಗಳಲ್ಲಿ ತಪ್ಪು ಔಷಧಿ ಕೊಡದಿರುವ ದಾರಿ.

ಮೊದಲು ಕೈಕೊಟ್ಟಿದ್ದು ಕಾಯಿಲೆಯ ಕಥೆ. ಮುಟ್ಟು ನಿಂತ ಹೆಂಗಸು, ಮನೆಯಲ್ಲಿ ಸಾವು, ಎದೆನೋವು ಅಂದ ಕೂಡಲೇ ಟಕೊತ್ಸುಬೊ ಅಂದುಕೊಂಡರೆ ಕೆಟ್ಟಿತು. ಅದೇ ದುಃಖಕ್ಕೆ ನಿಜವಾದ ಹಾರ್ಟ್ ಅಟ್ಯಾಕೂ ಬರುತ್ತದೆ. ಇನ್ನೊಂದು ಕಡೆ, ಟಕೊತ್ಸುಬೊದವರಲ್ಲಿ ಕಾಲು ಭಾಗಕ್ಕೂ ಹೆಚ್ಚು ಮಂದಿಗೆ ಯಾವ ಕಾರಣವೂ ಸಿಗುವುದಿಲ್ಲ. ಆಪರೇಷನ್, ಸೋಂಕು, ಆಸ್ತಮಾದಂಥ ದೈಹಿಕ ಕಾರಣ ಮೂರರಲ್ಲೊಬ್ಬರಿಗೆ ಇರುತ್ತದೆ. ಗಂಡಸರೂ ಹತ್ತಕ್ಕೊಬ್ಬರು ಬರುತ್ತಾರೆ.

ಎರಡನೆಯದು ಟ್ರೋಪೋನಿನ್, ಹೃದಯ ಸ್ನಾಯುವಿಗೆ ಪೆಟ್ಟಾದಾಗ ಏರುವ ರಕ್ತಪರೀಕ್ಷೆ. ಒಂದೇ ಸಲ ಮಾಡಿ "ಕಡಿಮೆ ಇದೆ, ಹಾಗಾದರೆ ಟಕೊತ್ಸುಬೊ" ಅನ್ನುವುದು ತಪ್ಪು. ಅಟ್ಯಾಕಿನ ಮೊದಲ ಗಂಟೆಗಳಲ್ಲೂ ಅದು ಕಡಿಮೆಯೇ. 3 ಗಂಟೆ ಬಿಟ್ಟು ಮತ್ತೆ ಮಾಡಿ ಎಕೋ ಪಕ್ಕದಲ್ಲಿಟ್ಟು ನೋಡಬೇಕು: ಅರ್ಧ ಎಲ್‌ವಿ (ಹೃದಯದ ಎಡ ಕೆಳಕೋಣೆ) ಅಲುಗಾಡುತ್ತಿಲ್ಲ, ಟ್ರೋಪೋನಿನ್ ಮಾತ್ರ ಅದಕ್ಕೆ ತಕ್ಕಷ್ಟು ಏರಿಲ್ಲ ಅನ್ನುವ ಹೊಂದಾಣಿಕೆ ಇಲ್ಲದ ಚಿತ್ರವೇ ಸುಳಿವು. ಕೆಲವು ಕಾಲ ಎಲ್ಲರಿಗೂ ಎನ್‌ಟಿ ಪ್ರೊಬಿಎನ್‌ಪಿ (ಹೃದಯಕ್ಕೆ ಒತ್ತಡ ಬಿದ್ದಾಗ ಏರುವ ಇನ್ನೊಂದು ರಕ್ತಪರೀಕ್ಷೆ) ಮಾಡಿಸಿದೆ. ಟಕೊತ್ಸುಬೊದಲ್ಲಿ ಅದು ಜೋರಾಗಿಯೇ ಏರುತ್ತದೆ, ಆದರೆ ಒಂದು ಪರೀಕ್ಷೆಗೆ ಎರಡು ಸಾವಿರ ರೂಪಾಯಿಯ ಆಸುಪಾಸು. ಎಕೋದಲ್ಲೇ ಕಾಣುವುದಕ್ಕೆ ಆ ದುಡ್ಡು ದಂಡ ಅನ್ನಿಸಿ ಬಿಟ್ಟೆ.

ಕೊನೆಗೆ ಕೈಹಿಡಿದದ್ದು ಎವಿಆರ್. ಇಸಿಜಿಯಲ್ಲಿ ಯಾರೂ ನೋಡದ ಲೀಡ್ (ಹೃದಯವನ್ನು ಒಂದು ಕೋನದಿಂದ ತೋರಿಸುವ ಗೆರೆ) ಅದು. ಇಸಿಜಿ ಹಾಳೆಯ ಕೆಳ ಅಂಚು ಹಿಡಿದು ಮೇಲಕ್ಕೆ ಮಗುಚಿ, ಹಿಂಬದಿಯಿಂದ ಬೆಳಕಿಗೆ ಹಿಡಿಯಿರಿ. ಎಡಬಲ ಬದಲಾಗುವುದಿಲ್ಲ, ಮೇಲುಕೆಳಗು ಮಾತ್ರ ತಿರುಗುತ್ತದೆ. ಅದೇ ಮೈನಸ್ ಎವಿಆರ್. ಲೀಡ್ ಒಂದು ಮತ್ತು ಎರಡರ ನಡುವೆ, +30 ಡಿಗ್ರಿಯಲ್ಲಿ ಕೂತು ಹೃದಯದ ತುದಿಯ ಕಡೆಗೆ ನೋಡುವ ಲೀಡ್. ಆ್ಯಂಟೀರಿಯರ್ ಎಸ್‌ಟಿ ಎಲಿವೇಷನ್ (ಎದೆಯ ಮುಂಭಾಗದ ಲೀಡ್‌ಗಳಲ್ಲಿ ಎಸ್‌ಟಿ ಅನ್ನುವ ಗೆರೆಯ ತುಂಡು ಮೇಲೇಳುವುದು) ಇರುವವರಲ್ಲಿ ಇಲ್ಲಿ ಎಸ್‌ಟಿ ಎದ್ದಿದ್ದು, ಎದೆಯ ಮೊದಲ ಲೀಡ್ ವಿ1 ರಲ್ಲಿ ಏಳದಿದ್ದರೆ ನನ್ನ ಅನುಮಾನ ಗಟ್ಟಿಯಾಗುತ್ತದೆ. ಜಪಾನಿನವರು ಇದನ್ನು ಮೊದಲ 6 ಗಂಟೆಯೊಳಗಿನ ಇಸಿಜಿಗಳಲ್ಲಿ ತೋರಿಸಿದ್ದು. ನಂತರದವರಿಗೆ ಅಷ್ಟು ಚೊಕ್ಕವಾಗಿ ಬರಲಿಲ್ಲ, ಹಾಗಾಗಿ ಇದೊಂದನ್ನೇ ನೆಚ್ಚಬೇಡಿ. ಎಲೆಕ್ಟ್ರೋಡ್ ಒಂದು ಅಂಗುಲ ಮೇಲೆ ಕೂತರೂ ವಿ1 ಸುಳ್ಳು ಹೇಳುತ್ತದೆ. ಪಕ್ಕೆಲುಬುಗಳ ನಾಲ್ಕನೇ ಸಂದು ಬೆರಳಲ್ಲಿ ಎಣಿಸಿಯೇ ಅಂಟಿಸಿ.

ಎಕೋ ಚಿತ್ರದಲ್ಲಿ ಹೃದಯದ ತುದಿ ಕತ್ತರಿಸಿಹೋದರೆ ಎಲ್ಲ ಚೆನ್ನಾಗಿದೆ ಅನ್ನಿಸುತ್ತದೆ. ರೋಗಿಯನ್ನು ಪೂರ್ತಿ ಎಡಕ್ಕೆ ಮಲಗಿಸಿ, ಪ್ರೋಬ್ ಒಂದು ಪಕ್ಕೆಲುಬಿನ ಸಂದು ಕೆಳಗಿಳಿಸಿ, ಎಲ್‌ವಿ ಉದ್ದವಾಗಿ ಕಾಣುವವರೆಗೆ ಹುಡುಕಿ. ನಾಲ್ಕು, ಎರಡು, ಮೂರು ಚೇಂಬರ್ ನೋಟ ಮೂರನ್ನೂ ನೋಡಿ. ಎಲ್‌ಎಡಿ (ಹೃದಯದ ಮುಂಭಾಗದ ಮುಖ್ಯ ರಕ್ತನಾಳ) ಅಟ್ಯಾಕ್ ಆಗಿದ್ದರೆ ಲ್ಯಾಟರಲ್ (ಪಕ್ಕದ) ಗೋಡೆಯ ನಡುಭಾಗ ಸಾಮಾನ್ಯವಾಗಿ ಬಡಿಯುತ್ತಿರುತ್ತದೆ. ಟಕೊತ್ಸುಬೊದಲ್ಲಿ ಒಂದೇ ಮಟ್ಟದಲ್ಲಿ ಸುತ್ತಲೂ ಗೋಡೆ ನಿಂತಿರುತ್ತದೆ, ಬುಡ ಮಾತ್ರ ಬಿಗಿಯಾಗಿ ಹಿಂಡುತ್ತದೆ. ತುದಿಯನ್ನು ಸುತ್ತುವ ಉದ್ದ ಎಲ್‌ಎಡಿ ಇರುವವರು ಇಲ್ಲೂ ಮೋಸ ಮಾಡುತ್ತಾರೆ. ಆ ಇಬ್ಬರನ್ನು ಬೇರೆ ಮಾಡಲು ಪ್ರೋಬ್ ತಿರುಗಿಸುವ ನನ್ನದೇ ಒಂದು ಕ್ರಮ ಇದೆ. ಅದು ಬರೆದರೆ ತಿಳಿಯುವುದಲ್ಲ, ಪಕ್ಕದಲ್ಲಿ ನಿಂತು ನೋಡಿದವರಿಗೇ ಬರುವುದು.

ಎಕೋ ಮುಗಿಸುವ ಮುನ್ನ ಐದು ಚೇಂಬರ್ ನೋಟದಲ್ಲಿ ಸಿಡಬ್ಲ್ಯೂ ಡಾಪ್ಲರ್ ಹಾಕಿ ಔಟ್‌ಫ್ಲೋ ಗ್ರೇಡಿಯೆಂಟ್ (ಎಲ್‌ವಿಯಿಂದ ರಕ್ತ ಹೊರಹೋಗುವ ದಾರಿಯಲ್ಲಿನ ಒತ್ತಡದ ಅಂತರ) ಅಳೆಯಲೇಬೇಕು. ತಡವಾಗಿ ಏರುವ ಚೂರಿಯಾಕಾರದ ಗೆರೆ, 40 ಮಿಮೀ ಎಚ್‌ಜಿ ದಾಟಿದರೆ ಅಪಾಯ. ಬಿಪಿ ಬಿದ್ದಿದೆ ಅಂತ ಹೃದಯವನ್ನು ಜೋರಾಗಿ ಹಿಂಡಿಸುವ ಡೊಬುಟಮಿನ್ ಹಚ್ಚಿದರೆ ಬುಡ ಇನ್ನೂ ಬಿಗಿದು ಬಿಪಿ ಮತ್ತೂ ಬೀಳುತ್ತದೆ. ನೈಟ್ರೇಟ್, ಲ್ಯಾಸಿಕ್ಸೂ ಹಾಗೆಯೇ. ಶ್ವಾಸಕೋಶ ತಿಳಿಯಾಗಿದ್ದರೆ 250 ಎಂಎಲ್ ಸಲೈನ್ ನಿಧಾನಕ್ಕೆ ಕೊಟ್ಟು, ಪ್ರಭಾವ ಬೇಗ ಇಳಿಯುವ ಬೀಟಾ ಬ್ಲಾಕರ್ ಎಸ್ಮೊಲೋಲ್ ಬಗ್ಗೆ ಕಾರ್ಡಿಯಾಲಜಿಸ್ಟ್ ಜೊತೆ ಮಾತಾಡುತ್ತೇನೆ.

ಲೈಸಿಸ್ (ಗರಣೆ ಕರಗಿಸುವ ಚಿಕಿತ್ಸೆ) ವಿಷಯ ಬಂದರೆ: ಅನುಮಾನ ಇದೆ ಅಂತ ಎಸ್‌ಟಿ ಎಲಿವೇಷನ್‌ನಲ್ಲಿ ತಡೆಯುವುದು ನನ್ನ ಪದ್ಧತಿಯಲ್ಲ. 2 ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ ಸಿಗುವಂತಿದ್ದರೆ ಕಳಿಸುತ್ತೇನೆ, ಇಲ್ಲದಿದ್ದರೆ ಹಾರ್ಟ್ ಅಟ್ಯಾಕ್ ಅಂತಲೇ ಲೆಕ್ಕ ಹಾಕಿ ಲೈಸಿಸ್ ಕೊಡುತ್ತೇನೆ. ಹೊರಗೆ ಕೊಂಡರೆ ಮೂವತ್ತು ಸಾವಿರದ ಆಸುಪಾಸು ಬೀಳುವ ಲೈಸಿಸ್ ಔಷಧಿ ಟೆನೆಕ್ಟೆಪ್ಲೇಸ್, ಕರ್ನಾಟಕ ಸರ್ಕಾರದ ಹೃದಯ ಜ್ಯೋತಿ ಯೋಜನೆ ಬಂದ ಮೇಲೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತ. ಕೈಗೆ ಸುಲಭವಾದಷ್ಟೂ ಒಂದು ಎಚ್ಚರ ಜಾಸ್ತಿ ಬೇಕು: ಸಿಡಿಲು ಬಡಿದಂಥ ತಲೆನೋವು, ವಾಂತಿ, ಬಿಗಿದ ಕುತ್ತಿಗೆ ಇದ್ದರೆ ಮೊದಲು ತಲೆಯ ಸಿಟಿ. ಮೆದುಳಿನ ಸಬ್‌ಅರಕ್ನಾಯ್ಡ್ ರಕ್ತಸ್ರಾವವೂ ಟಕೊತ್ಸುಬೊ ತರಿಸುತ್ತದೆ, ಅಲ್ಲಿ ಲೈಸಿಸ್ ಕೊಟ್ಟರೆ ಕಥೆ ಮುಗಿಯಿತು.

ರಕ್ತನಾಳ ಶುಭ್ರವಾಗಿ ಬಂದರೂ ಎಲ್‌ವಿ ಆಂಜಿಯೋ (ಎಲ್‌ವಿಯೊಳಗೆ ಡೈ ಬಿಟ್ಟು ಅದರ ಬಡಿತ ನೋಡುವ ಚಿತ್ರ) ಮಾಡದೆ ವಾಪಸ್ ಕಳಿಸಿದವರನ್ನು ನೋಡಿದ್ದೇನೆ. ರೆಫರಲ್ ಚೀಟಿಯಲ್ಲೇ "ಎಲ್‌ವಿ ಶಾಟ್ ತೆಗೆಯಿರಿ" ಅಂತ ಬರೆಯುತ್ತೇನೆ. ಮಯೋಕಾರ್ಡೈಟಿಸ್ (ಹೃದಯ ಸ್ನಾಯುವಿನ ಉರಿಯೂತ) ಅನುಮಾನ ಉಳಿದರಷ್ಟೇ ಹತ್ತು ಹದಿನೈದು ಸಾವಿರದ ಎಂಆರ್‌ಐ. ಬ್ಲಾಕ್ ಕಂಡರೂ ಟಕೊತ್ಸುಬೊ ತಳ್ಳಿಹಾಕಬೇಡಿ, ಏಳೆಂಟು ಜನರಲ್ಲೊಬ್ಬರಿಗೆ ಎರಡೂ ಇರುತ್ತದೆ.

ಎರಡು ಮೂರನೇ ದಿನ ಇಸಿಜಿಯಲ್ಲಿ ಆಳವಾದ ಟಿ ಇನ್ವರ್ಷನ್ (ಟಿ ಅಲೆ ತಲೆಕೆಳಗಾಗುವುದು), ಲಯ ತಪ್ಪಿಸಬಲ್ಲ ಉದ್ದ ಕ್ಯೂಟಿ ಬರುತ್ತದೆ. ಅದು ಇಳಿಯುವವರೆಗೆ ಮಾನಿಟರ್ ಬಿಡಬೇಡಿ, ಕ್ಯೂಟಿ ಇನ್ನೂ ಉದ್ದ ಮಾಡುವ ಒಂಡಾನ್ಸೆಟ್ರಾನ್, ಅಜಿತ್ರೊಮೈಸಿನ್ ಚೀಟಿಯಿಂದ ತೆಗೆಯಿರಿ, ಪೊಟ್ಯಾಸಿಯಮ್ 4ರ ಮೇಲಿಡಿ. ಮನೆಗೆ ಕಳಿಸುವ ಮುನ್ನ ತುದಿಯಲ್ಲಿ ರಕ್ತ ಗರಣೆ ಕಟ್ಟಿದೆಯೇ ಎಂದು ಇನ್ನೊಂದು ಎಕೋ, ಆರು ವಾರಕ್ಕೆ ಮತ್ತೊಂದು. ಆಗಲೂ ಗೋಡೆ ನಿಂತೇ ಇದ್ದರೆ ಮೊದಲ ಆಂಜಿಯೋ ಸಿಡಿ ತರಿಸಿ ಎಲ್‌ಎಡಿಯನ್ನು ಹೊಸದಾಗಿ ನೋಡುತ್ತೇನೆ.