ರಾಗಿ, ನವಣೆ, ಕೊರಲೆ: ಕಾಳು ಕೊಂಡು ಹಿಟ್ಟು ಹಾಕಿಸುವುದು ಹೇಗೆ?

ತುಮಕೂರಿನ ಮಂಡಿಪೇಟೆಯಲ್ಲಿ ರಾಗಿ, ನವಣೆ, ಸಜ್ಜೆ ಮೂಟೆಗಟ್ಟಲೆ ಸಿಗುತ್ತವೆ. ಹಾಗಿದ್ದೂ ಎಷ್ಟೋ ಮನೆಗಳಿಗೆ ಹಿಟ್ಟು ಬರುವುದು ತಿಂಗಳುಗಳ ಹಿಂದೆ ಬೀಸಿದ ಪ್ಯಾಕೆಟ್ಟಿನಲ್ಲಿ. ಕಾಳು ತಂದು ಮಿಲ್ಲಿಗೆ ಹಾಕಿಸಿ. ರುಚಿಯ ವ್ಯತ್ಯಾಸ ಮೊದಲ ರೊಟ್ಟಿಯಲ್ಲೇ ತಿಳಿಯುತ್ತದೆ.

1. ಏನು ಮಾಡುತ್ತೀರೆಂದು ಗೊತ್ತುಮಾಡಿಕೊಳ್ಳಿ
ಮುದ್ದೆ, ರೊಟ್ಟಿ, ಬಿಸ್ಕತ್ತಿಗೆ ರಾಗಿ. ಅನ್ನ, ಉಪ್ಪಿಟ್ಟಿಗೆ ನವಣೆ, ಸಾಮೆ, ಕೊರಲೆ. ಕೊರಲೆಯನ್ನಂತೂ ಕೇಳಿ ತನ್ನಿ. ಅದು ಮಧುಗಿರಿ, ಸಿರಾ, ಪಾವಗಡದ ಕಡೆಯ ಬೆಳೆ, ಹುಣಸೆಮರದ ನೆರಳಿನಲ್ಲೂ ಬರುತ್ತದೆ. ಈ ಜಿಲ್ಲೆಯವರೇ ಕೊಳ್ಳದಿದ್ದರೆ ರೈತರು ಯಾರನ್ನು ನಂಬಿ ಬಿತ್ತಬೇಕು?

2. ಕಾಳನ್ನು ಕೈಯಲ್ಲಿ ಹಿಡಿದು ನೋಡಿ
ಒಂದು ಹಿಡಿ ರಾಗಿಯನ್ನು ಅಂಗೈಯಲ್ಲಿ ಉಜ್ಜಿ ಊದಿ. ಹೊಟ್ಟು ಹಾರಿಹೋದ ಮೇಲೆ ಕೈಗೆ ಮಣ್ಣು ಮೆತ್ತಿರಬಾರದು. ಮುಗ್ಗಲು ವಾಸನೆ ಬಂದರೆ ಮುಂದಿನ ಅಂಗಡಿಗೆ ಹೋಗಿ. ಎರಡು ಕಾಳು ಕಡಿದಾಗ ಕಟಕ್ಕೆನ್ನಬೇಕು. ಮೆತ್ತಗಿದ್ದರೆ ಸರಿಯಾಗಿ ಒಣಗಿಲ್ಲ, ಡಬ್ಬಿಗೆ ಹಾಕಿದರೆ ಹುಳು ಬೀಳುತ್ತದೆ. ಸುಗ್ಗಿಯಾದ ಹೊಸತರಲ್ಲಿ ಹೊಸ ರಾಗಿಯೋ ಹಳೆಯದೋ ಎಂದೂ ವಿಚಾರಿಸಿ. ಹೊಸದರ ಮುದ್ದೆ ಅಂಟಂಟಾಗುತ್ತದೆಂದು ನಮ್ಮ ಕಡೆಯ ಅಜ್ಜಿಯರು ಹಳೆಯದನ್ನೇ ಬಯಸುತ್ತಾರೆ.

ರಾಗಿ, ಜೋಳ, ಸಜ್ಜೆಯನ್ನು ನೇರವಾಗಿ ಬೀಸಬಹುದು. ನವಣೆ, ಸಾಮೆ, ಹಾರಕ, ಊದಲು, ಬರಗು, ಕೊರಲೆಗೆ ಗಟ್ಟಿ ಸಿಪ್ಪೆಯಿದೆ, ಅದನ್ನು ತೆಗೆಸಲೇಬೇಕು. ಮೋಸ ಹೋಗುವುದು ಇಲ್ಲೇ. ಸಿಪ್ಪೆಯ ಜೊತೆ ತೌಡನ್ನೂ ಉಜ್ಜಿ ತೆಗೆದರೆ ಕಾಳು ನುಚ್ಚಕ್ಕಿಯಂತೆ ಬೆಳ್ಳಗೆ ಹೊಳೆಯುತ್ತದೆ, ನಾರಿನಂಶ ಹೋಗಿರುತ್ತದೆ. ಮಂಕು ಬಣ್ಣದ, ಪಾಲಿಶ್ ಮಾಡದ ಕಾಳನ್ನೇ ಕೇಳಿ ಪಡೆಯಿರಿ. ತೌಡಿರುವ ಕಾಳು ಬೇಗ ಕಮಟುವುದರಿಂದ ತಿಂಗಳಿಗೆ ಬೇಕಾದಷ್ಟೇ ಸಾಕು.

3. ಬೆಲೆ
2025-26ರಲ್ಲಿ ರಾಗಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ, ಅಂದರೆ ಕಿಲೋಗೆ ಸುಮಾರು 49. ಪ್ಯಾಕೆಟ್ ಹಿಟ್ಟಿನ ದರವನ್ನು ಇದರ ಪಕ್ಕದಲ್ಲಿಟ್ಟು ನೋಡಿ.

4. ಮಿಲ್ಲಿನಲ್ಲಿ
ರಾಗಿಯನ್ನು ತೊಳೆದು, ಕಲ್ಲು ತೆಗೆದು, ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿ ಒಯ್ಯಿರಿ. ನಿಮಗಿಂತ ಮುಂಚೆ ಏನು ಬೀಸಿದರೆಂದು ಕೇಳಿ. ಗೋಧಿಯಾಗಿದ್ದರೆ ಅದರ ಹಿಟ್ಟು ನಿಮ್ಮದರಲ್ಲಿ ಸೇರುತ್ತದೆ. ಮನೆಯಲ್ಲಿ ಗ್ಲುಟೆನ್ (ಗೋಧಿ ಹಿಟ್ಟಿಗೆ ಜಿಗುಟು ಕೊಡುವ ಪ್ರೋಟೀನು) ಒಗ್ಗದವರಿದ್ದರೆ ಮಿಲ್ಲಿನ ಹಿಟ್ಟು ಬೇಡವೇ ಬೇಡ. ಗ್ಲುಟೆನ್‌ರಹಿತ ಎಂದು ಮುದ್ರಿಸಿದ ಪ್ಯಾಕೆಟ್ಟೇ ಕ್ಷೇಮ. ಬೀಸಿದ ಹಿಟ್ಟು ಕೈಸುಡುವಷ್ಟು ಬಿಸಿಯಿರುತ್ತದೆ. ಬಟ್ಟೆಯ ಮೇಲೆ ಹರಡಿ, ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬಿ. ಬಿಸಿಯಲ್ಲೇ ಮುಚ್ಚಳ ಹಾಕಿದರೆ ಒಳಗೆ ಬೆವರಿ ಗಂಟಾಗುತ್ತದೆ.

ಸಜ್ಜೆಯಲ್ಲಿ ಸುಮಾರು ಶೇ 5ರಷ್ಟು ಕೊಬ್ಬಿದೆ, ಅದರ ಹಿಟ್ಟು ಕೆಲವೇ ದಿನಗಳಲ್ಲಿ ಕಹಿಯಾಗುತ್ತದೆ. ಒಂದು ಸಲಕ್ಕೆ ಅರ್ಧ ಕಿಲೋ ಮಾತ್ರ ಹಾಕಿಸಿ, ಫ್ರಿಜ್ಜಿನಲ್ಲಿಡಿ. ರಾಗಿಯಲ್ಲಿ ಕೊಬ್ಬು ಕಡಿಮೆ, ತಿಂಗಳು ತಾಳುತ್ತದೆ.

5. ಓವನ್ನಿಗೆ
ರಾಗಿಯಲ್ಲಿ ಗ್ಲುಟೆನ್ ಇಲ್ಲ, ಬರೀ ಅದರಿಂದ ಬ್ರೆಡ್ ಉಬ್ಬುವುದಿಲ್ಲ. ಬ್ರೆಡ್ಡಿಗಾದರೆ ಕಾಲುಭಾಗ ರಾಗಿ, ಮುಕ್ಕಾಲು ಗೋಧಿ. ಬಿಸ್ಕತ್ತಿಗೆ ಅರ್ಧಕ್ಕರ್ಧ ಹಾಕಬಹುದು. ಹಿಟ್ಟನ್ನು ನುಣ್ಣನೆಯ ಜರಡಿಯಲ್ಲಿ ಆಡಿಸಿ, ಮೊಸರಿನಲ್ಲೋ ಹಾಲಿನಲ್ಲೋ ಅರ್ಧ ಗಂಟೆ ಕಲಸಿಟ್ಟು ಆಮೇಲೆ ಬೇಯಿಸಿದರೆ ತರಿತರಿ ಅನ್ನಿಸುವುದಿಲ್ಲ.