ಕಸುವೂ ಬೇಕು, ದಮ್ಮೂ ಬೇಕು

ನಮ್ಮ ತಾತ ಮೈಸೂರಿನ ಗರಡಿಯೊಂದರಲ್ಲಿ ಸಾಮು ಮಾಡಿದವರು. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಅವರಿಗೆ ಅರವತ್ತು ದಾಟಿತ್ತು. ಆದರೂ ಬೆಳಿಗ್ಗೆ ನೂರು ಬಸ್ಕಿ ಹೊಡೆಯದೆ ಕಾಫಿ ಲೋಟ ಮುಟ್ಟುತ್ತಿರಲಿಲ್ಲ. ಬೀದಿಯಲ್ಲಿ ಹೊರಟರೆ ಅಂಗಡಿಯವರು ಎದ್ದು ನಿಂತು "ನಮಸ್ಕಾರ ಪೈಲ್ವಾನ್ರೇ" ಅನ್ನುತ್ತಿದ್ದರು. ನಾನು ಅವರ ಕೈ ಹಿಡಿದು ಗರಡಿ ಬಾಗಿಲವರೆಗೂ ಹೋಗುತ್ತಿದ್ದೆ. ಒಳಗೆ ಕೆಮ್ಮಣ್ಣಿನ ಮಟ್ಟಿ, ಮೂಲೆಯಲ್ಲಿ ಗದೆಗಳು, ಗೋಡೆಯ ಮೇಲೆ ಹನುಮಂತನ ಪಟ. ಎಣ್ಣೆ, ಕರ್ಪೂರ, ಬೆವರು ಎಲ್ಲ ಸೇರಿದ ಒಂದು ವಾಸನೆ. ನಾನು ನಿಲ್ಲಬೇಕಾದ್ದು ಹೊಸ್ತಿಲ ಆಚೆಗೆ. ಹೆಣ್ಣುಮಕ್ಕಳು ಮಟ್ಟಿ ತುಳಿಯುವ ಹಾಗಿರಲಿಲ್ಲ.

ತಾತ ಎರಡು ಮಾತು ಜಾಸ್ತಿ ಬಳಸುತ್ತಿದ್ದರು. ಒಂದು ಕಸುವು, ಇನ್ನೊಂದು ದಮ್ಮು. "ಕಸುವಿದ್ದು ದಮ್ಮಿಲ್ಲದಿದ್ರೆ ಮೂರು ನಿಮಿಷಕ್ಕೆ ಬಾಯಿ ಬಿಡ್ತಾನೆ. ದಮ್ಮಿದ್ದು ಕಸುವಿಲ್ಲದಿದ್ರೆ ಮೊದಲನೇ ಪಟ್ಟಿಗೇ ಮಲಗ್ತಾನೆ" ಅನ್ನುತ್ತಿದ್ದರು. ದಂಡ, ಬಸ್ಕಿ, ಗದೆ ತಿರುಗಿಸುವುದು ಇವುಗಳ ಜೊತೆಗೆ ಅವರ ಕಾಲದವರು ಚಾಮುಂಡಿ ಬೆಟ್ಟದ ಮೆಟ್ಟಿಲನ್ನೂ ಹತ್ತುತ್ತಿದ್ದರಂತೆ. ಈ ಮಾತು ನನಗೆ ಅರ್ಥವಾಗಿದ್ದು ಮೂವತ್ತೆಂಟನೇ ವಯಸ್ಸಿನಲ್ಲಿ, ಮೊಣಕಾಲು ನೋವಿನಿಂದ ಮೆಟ್ಟಿಲು ಇಳಿಯಲಾಗದೆ ನಿಂತಾಗ.

ಅದಕ್ಕೂ ಮೊದಲು ಐದು ವರ್ಷ ನಾನು ಓಡಿದ್ದೆ. ಎರಡನೇ ಮಗುವಾದ ಮೇಲೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆಯಲು ಶುರು ಮಾಡಿದೆ. ನಡಿಗೆ ನಿಧಾನವಾಗಿ ಓಟವಾಯಿತು. ಓಟಕ್ಕೆ ಯಾರ ಹೊಸ್ತಿಲನ್ನೂ ದಾಟಬೇಕಿರಲಿಲ್ಲ. ಒಂದು ಜೊತೆ ಶೂ ಸಾಕು. ಆದರೆ ಕಾರಣವಿಲ್ಲದೆ ಓಡುವವರನ್ನು ಆಗ ಜನ ವಿಚಿತ್ರವಾಗಿ ನೋಡುತ್ತಿದ್ದರು. ಬೆಳಗಿನ ಜಾವ ಮೈದಾನದಲ್ಲಿ ಓಡುವ ಹುಡುಗರಿಗೆ ಕಾರಣ ಇರುತ್ತದೆ. ಪೊಲೀಸ್ ನೇಮಕಾತಿಗೆ 1600 ಮೀಟರ್ ಓಡಿ ತೋರಿಸಬೇಕು, ಸೇನೆಗೂ ಓಡಬೇಕು. ನನ್ನನ್ನು ಮಾತ್ರ "ತೂಕ ಇಳಿಸೋಕಾ?" ಅಂತ ಕೇಳುತ್ತಿದ್ದರು. "ಸುಮ್ನೆ ಓಡೋದು ಖುಷಿ" ಅಂದರೆ ನಂಬುತ್ತಿರಲಿಲ್ಲ.

ನನಗೆ ಇದು ಬಹಳ ಕಾಡಿದೆ. ನಮ್ಮಲ್ಲಿ ದಮ್ಮಿಗೆ ಬೆಲೆಯೇ ಇಲ್ಲ ಅಂತಲ್ಲ. ಶಿವರಾತ್ರಿಗೆ ಧರ್ಮಸ್ಥಳಕ್ಕೆ ಜನ ದಿನಗಟ್ಟಲೆ ನಡೆದು ಹೋಗುತ್ತಾರೆ. ಮಾದಪ್ಪನ ಬೆಟ್ಟಕ್ಕೂ ಹೋಗುತ್ತಾರೆ. ಚಾಮುಂಡಿಯ ಸಾವಿರ ಮೆಟ್ಟಿಲಿಗೆ ಒಂದೊಂದಕ್ಕೂ ಅರಿಸಿನ ಕುಂಕುಮ ಹಚ್ಚಿಕೊಂಡು ಹತ್ತುವ ಹೆಂಗಸರನ್ನು ನೋಡಿದ್ದೀರಲ್ವಾ? ಬಗ್ಗಿ ಏಳುವುದು, ಮತ್ತೆ ಬಗ್ಗುವುದು, ಹೀಗೆ ಬೆಟ್ಟದ ತುದಿಯವರೆಗೆ. ಅದು ಬಸ್ಕಿಗಿಂತ ಏನೂ ಕಡಿಮೆಯಲ್ಲ. ದೇವರಿಗೆ ಅಂತ ಮಾಡಿದರೆ ಎಲ್ಲರೂ ಕೈ ಮುಗಿಯುತ್ತಾರೆ. ಕಸುವಿಗೂ ಹಾಗೆಯೇ. ದಸರಾ ಕುಸ್ತಿಗೆ, ವಿಜಯದಶಮಿಯಂದು ಅರಮನೆಯಲ್ಲಿ ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗಕ್ಕೆ ಜನ ಸೇರುತ್ತಾರೆ. ದೇವರಿಗೆ, ದೊರೆಗೆ, ಊರಿಗೆ ಅಂತ ಮೈ ದಂಡಿಸಿದರೆ ಮರ್ಯಾದೆ. ನನ್ನ ಮೈ ನನಗೆ ಗಟ್ಟಿಯಾಗಿರಲಿ ಅಂದರೆ, ಅದರಲ್ಲೂ ಹೆಂಗಸು ಹಾಗಂದರೆ, ಯಾಕೆ ಅನ್ನುವ ಪ್ರಶ್ನೆ ಬರುತ್ತದೆ.

ಆಮೇಲೆ ಜೊತೆ ಓಡುವವರು ಸಿಕ್ಕರು. ಬೆಂಗಳೂರಿನ 10 ಕಿ.ಮೀ. ಓಟಕ್ಕೆ ಹೋದೆವು, ನಂತರ 21 ಕಿ.ಮೀ. ಓಡಿದೆ. ಅವರ ನಡುವೆ ಬೇರೆ ಥರದ ನಂಬಿಕೆ ಇತ್ತು. ಜಿಮ್ಮಿಗೆ ಹೋಗುವವರು ಕನ್ನಡಿ ಮುಂದೆ ನಿಲ್ಲುವವರು, ಓಡುವವರು ಮನಸ್ಸು ಗಟ್ಟಿ ಇರುವವರು ಅಂತ. ಭಾರ ಎತ್ತಿದರೆ ಮೈ ದಪ್ಪವಾಗುತ್ತದೆ, ವೇಗ ಹೋಗುತ್ತದೆ ಅನ್ನುತ್ತಿದ್ದರು. ನಾನೂ ನಂಬಿದ್ದೆ. ಓಡಿದಾಗ ಒಂದೊಂದು ಹೆಜ್ಜೆಗೂ ಕಾಲಿನ ಮೇಲೆ ಮೈತೂಕದ ಎರಡು ಮೂರು ಪಟ್ಟು ಹೊರೆ ಬೀಳುತ್ತದೆ. ಅದನ್ನು ತಡೆದುಕೊಳ್ಳುವ ತೊಡೆ, ಸೊಂಟದ ಸ್ನಾಯು ನನ್ನಲ್ಲಿ ಇರಲಿಲ್ಲ.

ಮೊಣಕಾಲು ನೋವಿಗೆ ಅಂತ ಹೋದಾಗ ಫಿಸಿಯೋಥೆರಪಿಸ್ಟ್ ನನ್ನನ್ನು ಒಂದು ಮೆಟ್ಟಿಲ ಮೇಲೆ ಒಂಟಿಕಾಲಲ್ಲಿ ನಿಲ್ಲಿಸಿ, ಇನ್ನೊಂದು ಕಾಲನ್ನು ನಿಧಾನವಾಗಿ ನೆಲಕ್ಕೆ ತಾಕಿಸಿ ಅಂದರು. ಮೊಣಕಾಲು ಗಡಗಡ ನಡುಗಿ ಒಳಗೆ ವಾಲಿತು. 21 ಕಿ.ಮೀ. ಓಡಿದ ಕಾಲು ಅದು. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ 150 ನಿಮಿಷ ಉಸಿರು ಏರುವಂಥ ಚಟುವಟಿಕೆ ಹೇಳುತ್ತದೆ, ಅದರ ಜೊತೆಗೇ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮವನ್ನೂ ಹೇಳುತ್ತದೆ, ನೀವು ಅರ್ಧ ಮಾತ್ರ ಪಾಲಿಸಿದ್ದೀರಿ ಅಂದರು ಅವರು.

ಶುರು ಮಾಡಿದ್ದು ಮನೆಯಲ್ಲೇ. ಮೊದಲ ಆರು ವಾರ ಓಟ ಪೂರ್ತಿ ಬಂದ್. ಕುರ್ಚಿಯಿಂದ ಕೈ ಊರದೆ ಏಳುವುದು, ಮೆಟ್ಟಿಲು ಇಳಿಯುವುದು, ಮಲಗಿ ಸೊಂಟ ಎತ್ತುವುದು, ಗೋಡೆಗೆ ಕೈ ಕೊಟ್ಟು ದಂಡ. ಆಮೇಲೆ ಜಿಮ್. ಅಲ್ಲಿಯ ಹುಡುಗ ನನ್ನನ್ನು ನೋಡಿದ ಕೂಡಲೇ ಟ್ರೆಡ್‌ಮಿಲ್ ಕಡೆ ಕೈ ತೋರಿಸಿದ. "ಭಾರ ಎತ್ತೋದು ಕಲಿಸಪ್ಪ" ಅಂದೆ. "ಮೈ ದಪ್ಪ ಆಗುತ್ತೆ ಮೇಡಂ" ಅಂದ. ನಾನು ಬಿಡಲಿಲ್ಲ. ಅವನೂ ಆಮೇಲೆ ಮನಸ್ಸಿಟ್ಟು ಕಲಿಸಿದ. ಬರೀ ರಾಡೇ 20 ಕಿಲೋ ಇರುತ್ತದೆ. ಅದನ್ನು ಹೆಗಲ ಮೇಲಿಟ್ಟು ಸ್ಕ್ವಾಟ್, ಅಂದರೆ ಬಸ್ಕಿಯ ಹಾಗೆ ಕೂತು ಏಳುವುದನ್ನು ಮಾಡಲು ಒಂದು ತಿಂಗಳು ಹಿಡಿಯಿತು. ಡೆಡ್‌ಲಿಫ್ಟ್, ಅಂದರೆ ನೆಲದ ಮೇಲಿನ ಭಾರವನ್ನು ಹಿಡಿದು ನೆಟ್ಟಗೆ ನಿಲ್ಲುವುದು, 25 ಕಿಲೋದಿಂದ ಶುರುವಾಗಿ ಹದಿನಾಲ್ಕು ತಿಂಗಳಲ್ಲಿ 60ಕ್ಕೆ ಬಂತು. ಒಂದು ಸಲಕ್ಕೆ ಎರಡೂವರೆ ಕಿಲೋಗಿಂತ ಜಾಸ್ತಿ ಏರಿಸಲಿಲ್ಲ. ಬೆನ್ನು ಬಾಗಿತು ಅನ್ನಿಸಿದರೆ ಅವತ್ತಿಗೆ ಅಲ್ಲಿಗೇ ನಿಲ್ಲಿಸುತ್ತಿದ್ದೆ.

ಓಟ, ಭಾರ ಎರಡನ್ನೂ ಒಟ್ಟಿಗೆ ಹೊಂದಿಸುವುದೇ ಕಷ್ಟದ ಕೆಲಸ. ಮೊದಲು ಶನಿವಾರ ಸ್ಕ್ವಾಟ್, ಭಾನುವಾರ ಉದ್ದದ ಓಟ ಅಂತ ಇಟ್ಟುಕೊಂಡಿದ್ದೆ. ಅದು ದೊಡ್ಡ ತಪ್ಪು. ಕಾಲು ಕಲ್ಲಾಗಿ ಐದನೇ ಕಿಲೋಮೀಟರಿಗೇ ನಿಂತುಬಿಟ್ಟೆ. ಈಗ ಮಂಗಳವಾರ, ಶುಕ್ರವಾರ ಭಾರ. ಶುಕ್ರವಾರದ್ದು ಹಗುರ. ಬುಧವಾರ ಮಾತಾಡಿಕೊಂಡು ಓಡಬಹುದಾದಷ್ಟು ನಿಧಾನದ ಓಟ, ಭಾನುವಾರ ಉದ್ದದ್ದು. ಮಿಕ್ಕ ದಿನ ಮನೆಗೆಲಸ, ಆಫೀಸು. ಮೊದಲ ಎರಡು ತಿಂಗಳು ವೇಗ ಬಿತ್ತು ನಿಜ. ಕಿಲೋಮೀಟರಿಗೆ ಆರೂ ಮುಕ್ಕಾಲು ನಿಮಿಷ ಇದ್ದದ್ದು ಏಳೂ ಕಾಲು ಆಯಿತು. ಆಮೇಲೆ ಆ ಸಮಯ ತಾನಾಗಿ ಇಳಿಯಿತು. ಈಗ ಹದಿನಾರು, ಹದಿನೇಳನೇ ಕಿಲೋಮೀಟರಿನಲ್ಲಿ ಸೊಂಟ ಕುಸಿಯುವುದಿಲ್ಲ. ನಾನು ಕಂಡ ದೊಡ್ಡ ಬದಲಾವಣೆ ಅದು. ಮೈ ದಪ್ಪ ಆಗಲಿಲ್ಲ, ರವಿಕೆಯ ತೋಳು ಮಾತ್ರ ಸ್ವಲ್ಪ ಬಿಗಿಯಾಯಿತು.

ಊಟ ಜಾಸ್ತಿ ಮಾಡಬೇಕಾಯಿತು. ಮುದ್ದೆ ಇತ್ತು, ಹುರುಳಿ ಕಾಳಿನ ಸಾರು ಇತ್ತು, ಅದಕ್ಕೆ ದಿನಕ್ಕೆ ಮೂರು ಮೊಟ್ಟೆ ಸೇರಿಸಿದೆ. ತಾತನಿಗೆ ಹಾಲು, ಬಾದಾಮಿ, ತುಪ್ಪ ಎತ್ತಿಡುತ್ತಿದ್ದ ಮನೆ ನಮ್ಮದು. ಕೊನೆಯಲ್ಲಿ ಉಣ್ಣುತ್ತಿದ್ದವಳು ಅಜ್ಜಿ. ಒರಳಲ್ಲಿ ರುಬ್ಬಿ, ಬೀದಿ ನಲ್ಲಿಯಿಂದ ಎರಡೆರಡು ಕೊಡ ನೀರು ಹೊತ್ತವಳೂ ಅವಳೇ. ಅವಳ ಕಸುವಿಗೆ ಯಾರೂ ಪೈಲ್ವಾನ್ ಅನ್ನಲಿಲ್ಲ. ಈಗ ದಸರಾದಲ್ಲಿ ಹೆಣ್ಣುಮಕ್ಕಳ ಕುಸ್ತಿ ನಡೆಯುತ್ತದೆ. ಹೋದ ವರ್ಷ ಮಗಳನ್ನು ಕರೆದುಕೊಂಡು ಹೋಗಿ ಮುಂದಿನ ಸಾಲಲ್ಲೇ ಕೂತಿದ್ದೆ.

"ಹೆಂಗಸರು ಭಾರ ಎತ್ತಬಾರ್ದು ಕಣೇ, ಗರ್ಭಚೀಲ ಇಳಿಯುತ್ತೆ" ಅಂತ ಅಮ್ಮ ಬಹಳ ದಿನ ಹೇಳಿದರು. ನಾನು ವಾದ ಮಾಡಲಿಲ್ಲ, ವೈದ್ಯೆಯನ್ನು ಕೇಳಿದೆ. ಅವರು ನನ್ನನ್ನು ಪರೀಕ್ಷೆ ಮಾಡಿ, ತೊಂದರೆ ಇಲ್ಲ, ಉಸಿರು ಕಟ್ಟದೆ ನಿಧಾನವಾಗಿ ಏರಿಸಿ ಅಂದರು. ಹೆರಿಗೆಯಾದವರು ಶುರು ಮಾಡುವ ಮೊದಲು ಇದನ್ನು ಕೇಳಿಕೊಳ್ಳುವುದು ಒಳ್ಳೆಯದು. ಅಮ್ಮ ಈಗ ಆ ಮಾತು ಎತ್ತುವುದಿಲ್ಲ. ಗ್ಯಾಸ್ ಸಿಲಿಂಡರ್ ಬಂದಾಗ ಒಳಗೆ ತರಲು ನನ್ನನ್ನೇ ಕರೆಯುತ್ತಾರೆ.

ಈ ಭಾನುವಾರ 16 ಕಿ.ಮೀ. ಇದೆ. ಶುಕ್ರವಾರದ ಡೆಡ್‌ಲಿಫ್ಟನ್ನು ಗುರುವಾರಕ್ಕೆ ಹಾಕಿಕೊಂಡಿದ್ದೇನೆ, ಕಾಲಿಗೆ ಇನ್ನೊಂದು ದಿನ ಬಿಡುವು ಸಿಗಲಿ ಅಂತ.